ಗ್ಯಾಸ್ ತುಂಬಿಸಿದರೂ ಬಿಸಿಗಾಳಿಯೇ ಏಕೆ?

ಪ್ರಶ್ನೆ: ನಾನು ಶಿವಮೊಗ್ಗದವನು, ಈಗ ಅಮೆರಿಕದ ಸ್ಯಾಕ್ರಮೆಂಟೊದಲ್ಲಿದ್ದೇನೆ. ಬಹಳ ದಿನದ ಆಸೆಯಂತೆ 1983ರ ಮರ್ಸಿಡಿಸ್ 300ಡಿ ಡೀಸೆಲ್ ಕಾರೊಂದನ್ನು ಕೊಂಡೆ. ಓಟದಲ್ಲಿ ಯಾವ ತಕರಾರೂ ಇಲ್ಲ. ತಲೆನೋವಾಗಿರುವುದು ಎಸಿ ಒಂದೇ. ಬಟನ್ ಒತ್ತಿದರೆ ಕಂಪ್ರೆಸರ್ ತಿರುಗುತ್ತದೆ. ಆದರೆ ಕಾಲಿನ ಬಳಿಯಿಂದಲೂ ಮುಂದಿನ ಗಾಜಿನ ಬುಡದಿಂದಲೂ ಬಿಸಿಗಾಳಿ ಬರುತ್ತದೆ. ನಡುವಿನ ಕಿಂಡಿಗಳಿಂದ ಗಾಳಿಯೇ ಬರುವುದಿಲ್ಲ. ಎರಡು ಸಲ ಗ್ಯಾಸ್ ತುಂಬಿಸಿದ್ದಾಯಿತು. ಹಳೆಯದನ್ನೆಲ್ಲ ಕಿತ್ತುಹಾಕಿ ಬೇರೆ ಎಸಿ ಕೂರಿಸೋಣ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಒಪ್ಪಬೇಕೆ? (ಇನ್ನೊಂದು ಸಣ್ಣ ವಿಷಯ, ಇದಕ್ಕೂ ಎಸಿಗೂ ಸಂಬಂಧವಿಲ್ಲ: ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡುತ್ತಲೇ ಇರುತ್ತದೆ. ಹಿಂದಿನ ಒಂದು ಬಾಗಿಲಿನ ಲಾಕ್ ತಾನಾಗಿ ಬೀಳುವುದಿಲ್ಲ.)

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಗ್ಯಾಸನ್ನೂ ಇನ್ನು ತುಂಬಿಸಬೇಡಿ. ಸಂಬಂಧವಿಲ್ಲ ಎಂದು ನೀವು ಕಂಸದೊಳಗೆ ಬರೆದ ಮಾತೇ ನಿಮ್ಮ ಪತ್ರದಲ್ಲಿ ನನಗೆ ಸಿಕ್ಕಿದ ದೊಡ್ಡ ಸುಳಿವು. ನಿಮ್ಮ ಕಾರಿನಲ್ಲಿ ಎಂಜಿನ್ ನಿಲ್ಲಿಸುವುದು, ಬಾಗಿಲಿನ ಲಾಕ್ ಎಳೆಯುವುದು, ಎಸಿಯ ಗಾಳಿ ಯಾವ ಕಿಂಡಿಯಿಂದ ಬರಬೇಕೆಂದು ತಿರುಗಿಸುವುದು, ಈ ಮೂರನ್ನೂ ನಡೆಸುವುದು ಒಂದೇ ವ್ಯಾಕ್ಯೂಮ್. ಮೂರೂ ಒಟ್ಟಿಗೆ ಸೊರಗಿವೆ ಎಂದರೆ ಎಲ್ಲೋ ಗಾಳಿ ಒಳಗೆ ನುಗ್ಗುತ್ತಿದೆ. ಅದರ ಜೊತೆಗೆ, ಹೀಟರಿಗೆ ಹೋಗುವ ಬಿಸಿನೀರು ನಿಲ್ಲಬೇಕಾದಾಗ ನಿಲ್ಲುತ್ತಿಲ್ಲ. ಗಾಳಿ ಸೋರುವುದು ಒಂದು ರೋಗ, ನೀರು ನಿಲ್ಲದಿರುವುದು ಇನ್ನೊಂದು. ಎರಡೂ ಕೂಡಿ ಎಸಿ ಕೆಟ್ಟಂತೆ ತೋರುತ್ತಿವೆ. ಎಸಿಯ ತಂಪು ಮಾಡುವ ಭಾಗ ಚೆನ್ನಾಗಿಯೇ ಇರುವ ಸಂಭವ ಹೆಚ್ಚು.

ಈ ಕಾರನ್ನು ರಿಪೇರಿ ಮಾಡಹೊರಟವರು ಮೊದಲು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇದನ್ನು ರೂಪಿಸಿದವರು ಹಿಮ ಬೀಳುವ ನಾಡಿನ ಎಂಜಿನಿಯರುಗಳು. ಕರೆಂಟು ಹೋದರೆ, ಪೈಪು ಒಡೆದರೆ, ಯಾವುದೋ ವೈರು ಕಡಿದರೆ ಕಾರಿನೊಳಗೆ ಏನಾಗಬೇಕು? ಚಳಿಗಾಲದ ರಾತ್ರಿ ಹೆದ್ದಾರಿಯಲ್ಲಿ ಮುಂದಿನ ಗಾಜಿನ ಮೇಲೆ ಮಂಜು ಕಟ್ಟಿದರೆ ಜೀವಕ್ಕೇ ಅಪಾಯ. ಆದ್ದರಿಂದ ಏನು ಕೆಟ್ಟರೂ ಹೀಟರ್ ಪೂರ್ತಿ ತೆರೆದಿರಬೇಕು, ಗಾಳಿ ಗಾಜಿನ ಕಡೆಗೇ ಹೋಗಬೇಕು ಎಂದು ಅವರು ತೀರ್ಮಾನಿಸಿದರು. ಈ ಯಂತ್ರದ ವಿಶ್ರಾಂತಿಯ ಸ್ಥಿತಿಯೇ ಬಿಸಿ. ತಂಪು ಬೇಕೆಂದರೆ ಒಂದು ಕಡೆ ಕರೆಂಟು ನೀರಿನ ವಾಲ್ವನ್ನು ಒತ್ತಿ ಮುಚ್ಚಿ ಹಿಡಿದಿರಬೇಕು, ಇನ್ನೊಂದು ಕಡೆ ವ್ಯಾಕ್ಯೂಮ್ ನಡುವಿನ ಕಿಂಡಿಗಳ ಕದವನ್ನು ಎಳೆದು ತೆರೆದಿರಬೇಕು. ಅವುಗಳಲ್ಲಿ ಯಾವುದು ಕೈಬಿಟ್ಟರೂ ಕಾರು ತನ್ನ ಜರ್ಮನ್ ಚಳಿಗಾಲಕ್ಕೆ ಮರಳುತ್ತದೆ. ನಲವತ್ತು ಡಿಗ್ರಿ ಸೆಲ್ಸಿಯಸ್ ಮುಟ್ಟುವ ಸ್ಯಾಕ್ರಮೆಂಟೊದ ಬೇಸಿಗೆಯಲ್ಲಿ ಇದು ಶಿಕ್ಷೆಯಂತೆ ತೋರಬಹುದು. ನನಗಂತೂ ಆ ಆಲೋಚನೆಯ ಮೇಲೆ ತುಂಬ ಗೌರವವಿದೆ. ರಿಪೇರಿಯ ದಾರಿಯನ್ನು ತೋರಿಸುವುದೂ ಅದೇ. ಬಿಸಿ ಏಕೆ ಬರುತ್ತಿದೆ ಎಂದು ಹುಡುಕುವುದರಿಂದ ಫಲವಿಲ್ಲ. ಬಿಸಿಯನ್ನು ತಡೆಯಬೇಕಾದ ಕೈಗಳಲ್ಲಿ ಯಾವುದು ಸೋತಿದೆ ಎಂದು ಹುಡುಕಿ.

ಕಾರಿನಲ್ಲಿ ತಂಪು ಮಾಡುವುದಕ್ಕಿಂತ ಅದನ್ನು ಹತೋಟಿಯಲ್ಲಿ ಇಡುವುದೇ ಕಷ್ಟದ ಕೆಲಸವಾಗಿತ್ತು. 1940ರ ಮಾದರಿಯಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಕಾರ್ಖಾನೆಯಿಂದಲೇ ಎಸಿ ಕೂರಿಸಿ ಮಾರಿತು. ಅದರ ಕೂಲಿಂಗ್ ಕಾಯಿಲ್ ಇದ್ದದ್ದು ಹಿಂದಿನ ಸೀಟಿನ ಬೆನ್ನಿಗೆ. ಕಂಪ್ರೆಸರಿಗೆ ಕ್ಲಚ್ಚೇ ಇರಲಿಲ್ಲ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ತಿರುಗುತ್ತಿತ್ತು. ಎಸಿ ಬೇಡವೆಂದರೆ ಫ್ಯಾನ್ ಆರಿಸಬಹುದಿತ್ತು, ಅಷ್ಟೆ. ಪೂರ್ತಿ ನಿಲ್ಲಿಸಲು ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ ಬೆಲ್ಟನ್ನೇ ಬಿಚ್ಚಬೇಕಿತ್ತು. 1954ರಲ್ಲಿ ನ್ಯಾಶ್ ಕಂಪನಿ ಹೀಟರ್ ಮತ್ತು ಎಸಿ ಎರಡನ್ನೂ ಒಟ್ಟುಗೂಡಿಸಿ ಕಾರಿನ ಮುಂಭಾಗದಲ್ಲೇ ಕೂರಿಸಿತು. ಬೇಕಾದ ಉಷ್ಣತೆಯನ್ನು ಒಮ್ಮೆ ಹೇಳಿದರೆ ಸಾಕು, ಉಳಿದದ್ದನ್ನು ಕಾರೇ ನೋಡಿಕೊಳ್ಳುತ್ತದೆ ಎಂಬ ವ್ಯವಸ್ಥೆ ಬಂದದ್ದು 1964ರ ಕ್ಯಾಡಿಲಾಕ್‌ನಲ್ಲಿ. ಅಲ್ಲಿಂದ ಮುಂದೆ ಡ್ಯಾಶ್‌ಬೋರ್ಡಿನ ಹಿಂದೆ ರಬ್ಬರ್ ಕೊಳವೆ, ಸೆನ್ಸರ್, ವಾಲ್ವುಗಳ ಒಂದು ಸಂಸಾರವೇ ಬೆಳೆಯಿತು. ಇಂದು ಹಳೆಯ ಕಾರುಗಳಲ್ಲಿ ನಾವು ಬಿಡಿಸುತ್ತಿರುವ ಗೋಜಲು ಇದೇ.

ನಿಮ್ಮ ಕಾರು ಡಬ್ಲ್ಯೂ123 ಎಂಬ ಮಾಲಿಕೆಯದು. 1976ರಲ್ಲಿ ಬಂದು ಸುಮಾರು 27 ಲಕ್ಷದಷ್ಟು ತಯಾರಾದ ಗಟ್ಟಿ ಕಾರು ಅದು. ಅಮೆರಿಕಕ್ಕೆ ಬಂದ ಕಾರುಗಳಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 1981ರವರೆಗೆ ಕ್ರೈಸ್ಲರ್ ಮೂಲದ ಒಂದು ಸ್ವಯಂಚಾಲಿತ ವ್ಯವಸ್ಥೆ ಇತ್ತು. ಅದರ ಹೃದಯ 'ಸರ್ವೊ' ಎಂಬ ಒಂದೇ ಒಂದು ಪೆಟ್ಟಿಗೆ. ನೀರಿನ ವಾಲ್ವು, ವ್ಯಾಕ್ಯೂಮ್ ಸ್ವಿಚ್ಚು, ಕರೆಂಟಿನ ಸ್ವಿಚ್ಚು ಎಲ್ಲ ಅದರಲ್ಲೇ. ಮೈ ಪ್ಲಾಸ್ಟಿಕ್ಕಿನದು, ಒಳಗೆ ಹರಿಯುವುದು ಎಂಜಿನ್ನಿನ ಕುದಿಯುವಂಥ ಕೂಲೆಂಟ್. ಕೆಲವು ವರ್ಷಗಳಲ್ಲಿ ಆ ಪ್ಲಾಸ್ಟಿಕ್ ಸೊಟ್ಟಗಾಗಿ ಬಿರುಕು ಬಿಡುತ್ತಿತ್ತು. ಆ ವರ್ಷಗಳ ಕಾರು ಕೊಳ್ಳುವವರು ಇದನ್ನು ನೋಡಿಕೊಂಡೇ ಬೆಲೆ ಮಾತಾಡಬೇಕು. ನಿಮ್ಮದು 1983ರದು. ಅಷ್ಟರಲ್ಲಿ ಸರ್ವೊ ಹೋಗಿ, ಒತ್ತುಬಟನ್ನುಗಳ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿತ್ತು. ಕೆಲಸಗಳು ಬೇರೆಬೇರೆ ಬಿಡಿಭಾಗಗಳಿಗೆ ಹಂಚಿಹೋಗಿರುವುದರಿಂದ ಕೆಟ್ಟದ್ದನ್ನಷ್ಟೇ ಹುಡುಕಿ ಬದಲಿಸಬಹುದು.

ಮೊದಲು ವ್ಯಾಕ್ಯೂಮ್ ನೋಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆಳೆಯುವ ಕೊಳವೆಯಲ್ಲೇ ವ್ಯಾಕ್ಯೂಮ್ ತಾನಾಗಿ ಹುಟ್ಟುತ್ತದೆ. ಡೀಸೆಲ್ಲಿಗೆ ಆ ಭಾಗ್ಯವಿಲ್ಲ. ಅದಕ್ಕೆಂದೇ ನಿಮ್ಮ ಎಂಜಿನ್ನಿನ ಮುಂಭಾಗದಲ್ಲಿ ಒಂದು ವ್ಯಾಕ್ಯೂಮ್ ಪಂಪು ಇದೆ. ಅಲ್ಲಿಂದ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ಕೊಳವೆಯಿಂದ ಸಣ್ಣ ಸಣ್ಣ ಪ್ಲಾಸ್ಟಿಕ್ ನಾಳಗಳು ಕವಲೊಡೆಯುತ್ತವೆ: ಒಂದು ಎಂಜಿನ್ ನಿಲ್ಲಿಸುವ ಡಬ್ಬಿಗೆ, ಒಂದು ಬಾಗಿಲುಗಳಿಗೆ, ಒಂದು ಎಸಿಗೆ. ಬಣ್ಣಬಣ್ಣದ ಪಟ್ಟೆಗಳಿಂದ ಅವನ್ನು ಗುರುತಿಸಬಹುದು. ನಾಳ ಪ್ಲಾಸ್ಟಿಕ್ಕಿನದಾದರೂ ಅವನ್ನು ಜೋಡಿಸುವ ಮೊಣಕೈಗಳು ರಬ್ಬರಿನವು. ನಲವತ್ತು ವರ್ಷ ಎಂಜಿನ್ನಿನ ಶಾಖ ಉಂಡ ರಬ್ಬರು ಗಟ್ಟಿಯಾಗಿರುತ್ತದೆ, ಬೆರಳಲ್ಲಿ ಮಡಚಿದರೆ ತುದಿಯಲ್ಲಿ ಕೂದಲೆಳೆಯಂಥ ಸೀಳು ಬಾಯಿಬಿಡುತ್ತದೆ. ಅರ್ಧಕ್ಕರ್ಧ ಕಾರುಗಳಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ. ಕಣ್ಣಿಗೆ ಬಿದ್ದ ರಬ್ಬರಿನ ಮೊಣಕೈಗಳನ್ನೆಲ್ಲ ಒಂದೇ ಸಲಕ್ಕೆ ಬದಲಿಸಿಬಿಡಿ. ಅವುಗಳಿಗೆ ತಗಲುವ ಖರ್ಚು ಒಂದು ಸಲದ ಗ್ಯಾಸಿನಷ್ಟೂ ಆಗುವುದಿಲ್ಲ.

ಆಮೇಲೂ ಸರಿಹೋಗದಿದ್ದರೆ ಕೈಯಲ್ಲಿ ಒತ್ತುವ, ಮುಳ್ಳಿನ ಗೇಜ್ ಇರುವ ವ್ಯಾಕ್ಯೂಮ್ ಪಂಪ್ ಒಂದನ್ನು ಕೊಳ್ಳಿ. ಹಳೆಯ ಕಾರು ಇಟ್ಟುಕೊಂಡವರ ಮನೆಯಲ್ಲಿ ಇರಲೇಬೇಕಾದ ಸಾಧನ ಇದು. ಎಸಿಯ ಕಡೆಗೆ ಹೋಗುವ ನಾಳವನ್ನು ಕವಲಿನಲ್ಲಿ ಬಿಡಿಸಿ ಈ ಪಂಪಿಗೆ ಸಿಕ್ಕಿಸಿ ಒತ್ತಿ. ಮುಳ್ಳು ಏರಿ ನಿಂತಲ್ಲೇ ನಿಂತರೆ ಆ ಕವಲು ಗಟ್ಟಿಯಾಗಿದೆ. ಕಣ್ಣೆದುರೇ ಜಾರಿದರೆ ಸೋರಿಕೆ ಅಲ್ಲೇ. ಹೀಗೆ ಒಂದೊಂದೇ ಕವಲನ್ನು ಪ್ರತ್ಯೇಕ ಮಾಡಿ ನೋಡುತ್ತಾ ಹೋಗಬೇಕು. ಬಾಗಿಲಿನ ಕವಲನ್ನು ಮುಚ್ಚಿದ ಕೂಡಲೇ ಎಂಜಿನ್ ಕೀ ಮಾತು ಕೇಳತೊಡಗಿದರೆ, ಆ ಹಿಂದಿನ ಬಾಗಿಲಿನ ಲಾಕಿನ ರಬ್ಬರೇ ಹರಿದು ಎಲ್ಲರ ಪಾಲಿನ ವ್ಯಾಕ್ಯೂಮನ್ನೂ ನುಂಗುತ್ತಿದೆ ಎಂದರ್ಥ. ನಿಮ್ಮ ಪತ್ರ ಓದಿದಾಗ ನನ್ನ ಮೊದಲ ಅನುಮಾನ ಹೋದದ್ದು ಅದರ ಮೇಲೆಯೇ.

ಸೋರಿಕೆ ಎಸಿಯ ಕವಲಿನಲ್ಲೇ ಇದ್ದರೆ ಕೆಲಸ ಹೆಚ್ಚು. ಡ್ಯಾಶ್‌ಬೋರ್ಡಿನ ಒಳಗೆ ಗಾಳಿಯ ಒಂದೊಂದು ಕದಕ್ಕೂ ಒಂದೊಂದು ಡಬ್ಬಿ ಇದೆ. ಡಬ್ಬಿಯೊಳಗೆ ರಬ್ಬರಿನ ಪೊರೆ, ಪೊರೆಗೆ ಒಂದು ಸಲಾಕೆ, ಸಲಾಕೆಗೆ ಕದ. ವ್ಯಾಕ್ಯೂಮ್ ಬಂದರೆ ಪೊರೆ ಒಳಗೆ ಸರಿದು ಕದವನ್ನು ಎಳೆಯುತ್ತದೆ. ಪೊರೆ ಹರಿದರೆ ಆ ಕದ ಸ್ಪ್ರಿಂಗಿನ ಮಾತು ಕೇಳುತ್ತದೆ, ಜೊತೆಗೆ ಆ ಸೋರಿಕೆ ಉಳಿದ ಡಬ್ಬಿಗಳ ಬಲವನ್ನೂ ಕುಗ್ಗಿಸುತ್ತದೆ. ಕೆಲವು ಡಬ್ಬಿಗಳನ್ನು ತಲುಪಲು ಡ್ಯಾಶ್‌ಬೋರ್ಡ್ ಬಿಚ್ಚದೆ ವಿಧಿಯಿಲ್ಲ. ಬಿಚ್ಚುವ ಪುರುಸೊತ್ತು ಈಗ ಇಲ್ಲವಾದರೆ, ಹರಿದ ಡಬ್ಬಿ ಯಾವುದೆಂದು ಪಂಪಿನಿಂದ ಗುರುತಿಸಿ ಅದರ ನಾಳವೊಂದನ್ನೇ ಬಿರಡೆಯಿಂದ ಮುಚ್ಚಿ. ಉಳಿದ ಕದಗಳು ಅಂದೇ ಕೆಲಸ ಮಾಡತೊಡಗುತ್ತವೆ. ಇದು ತಾತ್ಕಾಲಿಕ ಉಪಾಯವಾದರೂ ಕಾರಿಗೆ ಯಾವ ಹಾನಿಯನ್ನೂ ಮಾಡುವುದಿಲ್ಲ.

ನಡುವಿನ ಕಿಂಡಿ ಮುಚ್ಚಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಒಳಗೆ ಚಳಿ ಇದೆ, ಕಾಯಿಸಬೇಕು ಎಂದು ಬಟನ್ನುಗಳ ಆ ನಿಯಂತ್ರಣ ಪೆಟ್ಟಿಗೆ ಭಾವಿಸಿದರೆ ಅದೇ ಆ ಕಿಂಡಿಯನ್ನು ಮುಚ್ಚಿಸುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗಲೆಲ್ಲ ಉಷ್ಣತೆಯ ಚಕ್ರವನ್ನು ತೀರಾ ತಂಪಿನ ತುದಿಗೆ, ಕಟಕ್ ಎನ್ನುವವರೆಗೆ, ತಿರುಗಿಸಿಡಿ. 'ಇಸಿ' ಎಂಬ ಬಟನ್ ಒತ್ತಿರದಂತೆ ನೋಡಿಕೊಳ್ಳಿ. ಅದು ಇಂಧನ ಉಳಿಸಲೆಂದು ಕಂಪ್ರೆಸರನ್ನೇ ಆರಿಸುವ ಬಟನ್.

ಇನ್ನು ಬಿಸಿನೀರಿನ ಕಡೆಗೆ ಬರೋಣ. ಇಲ್ಲಿ ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕಾರನ್ನು ಹತ್ತಿಪ್ಪತ್ತು ನಿಮಿಷ ಓಡಿಸಿ ಎಂಜಿನ್ ಚೆನ್ನಾಗಿ ಕಾಯಲಿ. ಚಕ್ರ ತಂಪಿನ ತುದಿಯಲ್ಲಿರಲಿ. ಬಾನೆಟ್ ಎತ್ತಿ, ಎಂಜಿನ್ನಿನ ಹಿಂದೆ ಕ್ಯಾಬಿನ್ನಿನ ಗೋಡೆಯೊಳಗೆ ನುಗ್ಗುವ ಹೀಟರಿನ ರಬ್ಬರ್ ಪೈಪುಗಳನ್ನು ಗುರುತಿಸಿ. ಫ್ಯಾನು, ಬೆಲ್ಟುಗಳಿಂದ ತೋಳು ದೂರವಿಟ್ಟು ಅವನ್ನು ಬಟ್ಟೆಯ ಮೇಲಿಂದ ಮುಟ್ಟಿ ನೋಡಿ. ವಾಲ್ವು ಮುಚ್ಚಿದ್ದರೆ ನೀರು ಹರಿಯುವುದಿಲ್ಲ, ಆಗ ಒಳಗೆ ಹೋಗುವ ಪೈಪಿಗೂ ಹೊರಗೆ ಬರುವ ಪೈಪಿಗೂ ಬಿಸಿಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಬೇಕು. ಎಲ್ಲವೂ ಒಂದೇ ಸಮನೆ ಸುಡುತ್ತಿದ್ದರೆ ಬಿಸಿನೀರು ಸಲೀಸಾಗಿ ಹೀಟರನ್ನು ಸುತ್ತಿ ಬರುತ್ತಿದೆ. ಕೂಲಿಂಗ್ ಕಾಯಿಲ್ ತಂಪಾಗಿಸಿದ ಗಾಳಿಯನ್ನು ಹೀಟರ್ ಮತ್ತೆ ಕಾಯಿಸುತ್ತಿದೆ. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಲ್ಲಿ ಕೆಂಡದ ಅಗ್ಗಿಷ್ಟಿಕೆ ಹಿಡಿದು ಕೂತಂತೆ. ಎಷ್ಟು ಗ್ಯಾಸ್ ತುಂಬಿಸಿದರೆ ತಾನೆ ಏನು ಪ್ರಯೋಜನ?

ಅನುಮಾನ ಪೂರ್ತಿ ಹೋಗಬೇಕಾದರೆ ಹೀಟರಿಗೆ ಹೋಗುವ ಪೈಪನ್ನು ಅದಕ್ಕೆಂದೇ ಸಿಗುವ ನುಣುಪು ಬಾಯಿಯ ಕ್ಲಾಂಪಿನಿಂದ ಅದುಮಿ. ಸಾಮಾನ್ಯ ಇಕ್ಕಳ ಹಾಕಬೇಡಿ, ಹಳೆಯ ರಬ್ಬರು ಸೀಳುತ್ತದೆ. ಕೆಲವು ನಿಮಿಷಗಳಲ್ಲಿ ಒಳಗಿನ ಗಾಳಿ ತಂಪಾದರೆ ತಪ್ಪಿತಸ್ಥ ಸಿಕ್ಕಿಬಿದ್ದ ಹಾಗೆಯೇ. ನಿಮ್ಮ ಗ್ಯಾರೇಜಿನವರು ಗ್ಯಾಸಿನ ಸಿಲಿಂಡರ್ ಹೊರತೆಗೆಯುವ ಮೊದಲೇ ಈ ಪರೀಕ್ಷೆ ಮಾಡಬೇಕಿತ್ತು.

ಈ ನೀರನ್ನು ತಡೆಯುವ ಭಾಗದ ಹೆಸರು ಮೋನೋವಾಲ್ವ್. ಅದು ಸೊಲೆನಾಯ್ಡ್ ವಾಲ್ವ್: ಒಳಗೆ ತಾಮ್ರದ ತಂತಿಯ ಸುರುಳಿ, ಸ್ಪ್ರಿಂಗು, ರಬ್ಬರ್ ಪೊರೆ ಅಂಟಿಸಿದ ಕಡ್ಡಿ. ಕರೆಂಟು ಇಲ್ಲದಾಗ ತೆರೆದಿರುತ್ತದೆ, ಕರೆಂಟು ಬಂದಾಗ ಮುಚ್ಚುತ್ತದೆ. ಚಕ್ರ ನಡುವೆ ಎಲ್ಲೋ ಇದ್ದಾಗ ನಿಯಂತ್ರಣ ಪೆಟ್ಟಿಗೆ ಅದನ್ನು ಬಿಟ್ಟು ಬಿಟ್ಟು ಮುಚ್ಚುತ್ತಾ ತೆರೆಯುತ್ತಾ ಬಿಸಿನೀರನ್ನು ಅಳೆದು ಬಿಡುತ್ತದೆ. ಎಂಜಿನ್ ಓಡಿಸದೆ ಕೀಯನ್ನಷ್ಟೇ ತಿರುಗಿಸಿ ಕಿವಿಗೊಟ್ಟರೆ ಟಿಕ್ ಟಿಕ್ ಸದ್ದು ಕೇಳಿಸುತ್ತದೆ.

ವಾಲ್ವಿನ ಪ್ಲಗ್ ತೆಗೆದು ಮೀಟರ್ ಹಿಡಿದು ನೋಡಿ. ಚಕ್ರ ತಂಪಿನ ತುದಿಯಲ್ಲಿರುವಾಗ ಪ್ಲಗ್ಗಿನ ಎರಡು ಪಿನ್ನುಗಳ ನಡುವೆ 12 ವೋಲ್ಟ್ ಸತತವಾಗಿ ಸಿಗಬೇಕು. ಸಿಕ್ಕರೆ ನಿಯಂತ್ರಣ ಪೆಟ್ಟಿಗೆ ತನ್ನ ಕೆಲಸ ಮಾಡುತ್ತಿದೆ, ಕೆಟ್ಟದ್ದು ವಾಲ್ವು. ಸಿಗದಿದ್ದರೆ ವಾಲ್ವನ್ನು ದೂರಬೇಡಿ. ಬ್ಯಾಟರಿಯಿಂದ ಫ್ಯೂಸ್ ಇರುವ ವೈರಿನ ಮೂಲಕ ವಾಲ್ವಿಗೆ ನೇರವಾಗಿ ಕರೆಂಟು ಮುಟ್ಟಿಸಿ. ಟಕ್ ಎಂದು ಸದ್ದಾಗಿ ಪೈಪು ತಣ್ಣಗಾಗುತ್ತಾ ಬಂದರೆ ವಾಲ್ವು ಗಟ್ಟಿಯಾಗಿದೆ. ಸದ್ದಾದರೂ ನೀರು ನಿಲ್ಲದಿದ್ದರೆ ಒಳಗಿನ ಪೊರೆ ಹರಿದಿದೆ ಅಥವಾ ಕೂಲೆಂಟಿನ ಕೆಸರು ಬಾಯಿಗೆ ಅಡ್ಡ ಕೂತಿದೆ. ಸದ್ದೇ ಇಲ್ಲವಾದರೆ ಸುರುಳಿ ಸುಟ್ಟಿದೆ.

ಬಿಚ್ಚುವುದು ಕಷ್ಟವೇನಲ್ಲ. ಎಂಜಿನ್ ಪೂರ್ತಿ ತಣಿದ ಮೇಲೆ ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆದು ಒತ್ತಡ ಇಳಿಸಿ, ವಾಲ್ವಿನ ತಲೆಯ ಮೇಲಿನ ನಾಲ್ಕು ಸ್ಕ್ರೂ ಬಿಚ್ಚಿ ಮೇಲಕ್ಕೆತ್ತಿದರೆ ಒಳಗಿನ ಕಡ್ಡಿ ಪೊರೆಯ ಸಮೇತ ಕೈಗೆ ಬರುತ್ತದೆ. ಪೊರೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಎಳೆಯಿರಿ. ಮಡಿಕೆಯ ಉದ್ದಕ್ಕೂ ಸಣ್ಣ ಸೀಳುಗಳು ಕಾಣಿಸಿಕೊಳ್ಳುತ್ತವೆ, ಕೆಲವೊಮ್ಮೆ ಅರ್ಧ ಪೊರೆ ಕಡ್ಡಿಯಿಂದ ಬಿಟ್ಟು ತೂಗಾಡುತ್ತಿರುತ್ತದೆ. ಒಳಗಿನ ಭಾಗವಷ್ಟೇ ಬಿಡಿಯಾಗಿ ಸಿಗುತ್ತದೆ, ಇಡೀ ವಾಲ್ವು ಕೊಳ್ಳಬೇಕಿಲ್ಲ. ಬೆಲೆ ಸ್ವಲ್ಪ ಹೆಚ್ಚಾದರೂ ಒಳ್ಳೆಯ ತಯಾರಿಕೆಯದನ್ನೇ ಹಾಕಿ. ಅಗ್ಗದ ಪೊರೆಗಳು ಬಹಳ ದಿನ ಬಾಳುವುದಿಲ್ಲ.

ವಾಲ್ವಿಗೆ ಕರೆಂಟೇ ಬರುತ್ತಿಲ್ಲ ಎನ್ನಿ. ಆಗ ಬಟನ್ನುಗಳ ಪೆಟ್ಟಿಗೆಗೆ ಕೈಹಾಕುವ ಮುನ್ನ ಫ್ಯೂಸುಗಳನ್ನು ನೋಡಿ. ಬಾನೆಟ್ಟಿನ ಒಳಗೆ ಚಾಲಕನ ಕಡೆಗಿರುವ ಪೆಟ್ಟಿಗೆಯಲ್ಲಿ ಎರಡೂ ತುದಿ ಮೊನಚಾದ ಹಳೆಯ ಮಾದರಿಯ ಫ್ಯೂಸುಗಳಿವೆ. ಅಲ್ಯೂಮಿನಿಯಮ್ ಪಟ್ಟಿಯವು ಸುಡದೆಯೂ ಕೈಕೊಡುತ್ತವೆ: ತುದಿಯಲ್ಲಿ ಕಣ್ಣಿಗೆ ಕಾಣದ ಕಿಲುಬು ಕಟ್ಟಿ ಸಂಪರ್ಕ ತಪ್ಪುತ್ತದೆ. ಒಂದೊಂದನ್ನೂ ಕೂತಲ್ಲೇ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ ನೋಡಿ. ಸತ್ತುಹೋಗಿದ್ದ ಎಸಿ ಅಷ್ಟಕ್ಕೇ ಎದ್ದು ಕೂತದ್ದನ್ನು ಕಂಡಿದ್ದೇನೆ. ಹೇಗೂ ಅಷ್ಟನ್ನೂ ತೆಗೆದು ಹಿತ್ತಾಳೆ ಅಥವಾ ತಾಮ್ರದವನ್ನು ಹಾಕಿಬಿಡುವುದು ಮೇಲು.

ಫ್ಯೂಸ್ ಸರಿಯಿದ್ದರೆ ಪೆಟ್ಟಿಗೆಯನ್ನು ಅನುಮಾನಿಸಬಹುದು. ಆದರೆ ಅದನ್ನು ಕೊಂದವರು ಬೇರೆ ಯಾರೋ ಇರುತ್ತಾರೆ. ಹೀಟರಿನ ದಾರಿಯಲ್ಲಿ ಒಂದು ಪುಟ್ಟ ಎಲೆಕ್ಟ್ರಿಕ್ ನೀರಿನ ಪಂಪು ಇದೆ. ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುವಾಗಲೂ ಹೀಟರಿಗೆ ಬಿಸಿನೀರು ಸಾಕಷ್ಟು ಹರಿಯಲಿ ಎಂದು ಚಳಿಯ ನಾಡಿನವರು ಇಟ್ಟದ್ದು. ವಯಸ್ಸಾದಂತೆ ಅದರ ಸೀಲ್ ಸೋರಿ, ಒಳಗೆ ತುಕ್ಕು ಹಿಡಿದು ಮೋಟರು ಬಿಗಿಯುತ್ತದೆ. ಬಿಗಿದ ಮೋಟರು ಸಿಕ್ಕಾಪಟ್ಟೆ ಕರೆಂಟು ಎಳೆಯುತ್ತದೆ. ಆ ಕರೆಂಟು ಹಾದುಬರುವುದು ಬಟನ್ ಪೆಟ್ಟಿಗೆಯೊಳಗಿನ ತೆಳು ತಾಮ್ರದ ಗೆರೆಯ ಮೂಲಕ. ಗೆರೆ ಸುಟ್ಟು ಪೆಟ್ಟಿಗೆ ಸತ್ತುಹೋಗುತ್ತದೆ. ಇದು ಗೊತ್ತಿಲ್ಲದವರು ದುಬಾರಿ ಬೆಲೆ ಕೊಟ್ಟು ಇನ್ನೊಂದು ಪೆಟ್ಟಿಗೆ ತಂದು ಹಾಕುತ್ತಾರೆ, ಅದನ್ನೂ ಅದೇ ಪಂಪು ಸುಡುತ್ತದೆ. ಈ ಪತ್ರ ಓದಿ ಮುಗಿಸಿದ ಮೇಲೆ ಬೇರೇನನ್ನೂ ಮಾಡದಿದ್ದರೂ ಸರಿ, ಆ ಪಂಪಿನ ಪ್ಲಗ್ ಕಿತ್ತಿಡಿ. ಸ್ಯಾಕ್ರಮೆಂಟೊದ ಚಳಿಗೆ ಅದರ ಅಗತ್ಯ ಬೀಳುವುದಿಲ್ಲ. ಇಟ್ಟುಕೊಳ್ಳಲೇಬೇಕೆಂದರೆ ಹೊಸ ಪಂಪು ಹಾಕಿಸಿ, ಅದರ ವೈರಿನಲ್ಲಿ ಪ್ರತ್ಯೇಕವಾದ ಸಣ್ಣ ಫ್ಯೂಸ್ ಒಂದನ್ನು ಸೇರಿಸಿ.

ಪೆಟ್ಟಿಗೆಯನ್ನು ಹೊರತೆಗೆಯಲು ರೇಡಿಯೊ, ಆಶ್‌ಟ್ರೇ, ಮರದ ಮುಖಫಲಕ ಬಿಚ್ಚಬೇಕಾಗುತ್ತದೆ. ಬಿಸಿಲು ಕುಡಿದ ಆ ಮರ ಅಪ್ಪಳದಷ್ಟು ಸುಲಭವಾಗಿ ಮುರಿಯುತ್ತದೆ, ಆತುರಪಡಬೇಡಿ. ಬ್ಯಾಟರಿಯ ವೈರು ಮೊದಲೇ ಕಳಚಿರಲಿ. ಬೋರ್ಡನ್ನು ತೆಗೆದು ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮುಖ್ಯವಾಗಿ ವೈರಿನ ಪ್ಲಗ್ ಸೇರುವ ದಪ್ಪ ಪಿನ್ನುಗಳ ಬುಡ ಮತ್ತು ರಿಲೇಯ ಕಾಲುಗಳು. ಬೆಸುಗೆಯ ಗುಂಡಿಯ ಸುತ್ತ ಉಂಗುರದಂತೆ ಒಂದು ಕಪ್ಪು ಗೆರೆ ಕಂಡರೆ ಅದೇ ಬಿರುಕು. ವರ್ಷಗಟ್ಟಲೆ ಕಾದು ತಣಿದು, ಪಿನ್ನು ಬೆಸುಗೆಯಿಂದ ಬಿಟ್ಟುಕೊಂಡಿರುತ್ತದೆ. ಹಳೆಯ ಬೆಸುಗೆಯನ್ನು ಹೀರಿ ತೆಗೆದು, ಹೊಸ ಬೆಸುಗೆ ಹಚ್ಚಿ. ಆ ಕಾಲದ ಬೋರ್ಡಿಗೆ ಶೇ. 60 ತವರ, ಶೇ. 40 ಸೀಸ ಇರುವ ಹಳೆಯ ಮಾದರಿಯ ಸೋಲ್ಡರೇ ಹೊಂದುತ್ತದೆ. ಗೆರೆ ಸುಟ್ಟು ಕರಕಲಾಗಿದ್ದರೆ ಅದರ ಎರಡು ತುದಿಗಳ ನಡುವೆ ತೆಳು ವೈರೊಂದನ್ನು ಬೆಸೆಯಬಹುದು. ಹೀಗೆ ಎಸೆಯಬೇಕೆಂದಿದ್ದ ಪೆಟ್ಟಿಗೆಗಳು ಎಷ್ಟೋ ಕಾರುಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ. ನಿಮಗೆ ಸೋಲ್ಡರಿಂಗ್ ಅಭ್ಯಾಸವಿಲ್ಲದಿದ್ದರೆ ಹಳೆಯ ಟಿವಿ, ರೇಡಿಯೊ ರಿಪೇರಿ ಮಾಡುವವರ ಕೈಗೆ ಕೊಡಿ. ಕಾರಿನ ಮೆಕ್ಯಾನಿಕ್‌ಗಿಂತ ಅವರಿಗೆ ಇದು ಚೆನ್ನಾಗಿ ಗೊತ್ತು.

ಸೆನ್ಸರುಗಳ ಬಗ್ಗೆ ಒಂದು ಮಾತು. ಕ್ಯಾಬಿನ್ನಿನ ಗಾಳಿಯನ್ನು ಮೂಸಿ ನೋಡುವ ಸೆನ್ಸರಿಗೆ ಒಂದು ಸಣ್ಣ ಕೊಳವೆ ಗಾಳಿ ಎಳೆದು ತರುತ್ತದೆ. ಈ ಸೆನ್ಸರಿನ ಗುಣವೆಂದರೆ ಚಳಿಯಾದಷ್ಟೂ ಅದರ ರೋಧ ಹೆಚ್ಚುತ್ತದೆ. ವೈರು ಕಡಿದುಹೋದರೆ ರೋಧ ಅಪಾರವಾಗಿ, ಹೊರಗೆ ಬೆಂಕಿ ಬಿಸಿಲಿದ್ದರೂ ಪೆಟ್ಟಿಗೆ ಗಡಗಡ ನಡುಗುವ ಚಳಿಯೆಂದು ತಿಳಿದು ಹೀಟರ್ ತೆರೆಯುತ್ತದೆ. ನೋಡಿ, ಇಲ್ಲೂ ಸೋಲು ಬಿಸಿಯ ಕಡೆಗೇ. ಚಕ್ರ ತೀರಾ ತಂಪಿನಲ್ಲಿದ್ದಾಗ ಸರಿಯಾಗಿದ್ದು, ನಡುವೆ ಇಟ್ಟಾಗ ಮಾತ್ರ ಬಿಸಿಗಾಳಿ ಬಂದರೆ ಸೆನ್ಸರನ್ನೂ ಅದರ ಕೊಳವೆಯನ್ನೂ ಹಿಡಿಯಿರಿ.

ಶಿವಮೊಗ್ಗದವರೆಂದು ಬರೆದಿದ್ದೀರಿ, ಹಾಗಾಗಿ ನಮ್ಮ ಕಡೆಯ ಮಾತೊಂದು. ನಿಮ್ಮ ಕಾರಿನದೇ ವರ್ಷ, 1983ರ ಡಿಸೆಂಬರಿನಲ್ಲಿ, ಇಲ್ಲಿ ಮೊದಲ ಮಾರುತಿ 800ರ ಕೀಯನ್ನು ಗ್ರಾಹಕರ ಕೈಗೆ ಕೊಟ್ಟದ್ದು. ಎಸಿ ಇರುವ ಹಳೆಯ ಮಾರುತಿ 800, ಎಸ್ಟೀಮ್‌ಗಳನ್ನು ಈಗ ಪ್ರೀತಿಯಿಂದ ಉಳಿಸಿಕೊಂಡವರು ಎಷ್ಟೋ ಜನ. ಅಲ್ಲಿ ಕರೆಂಟೂ ಇಲ್ಲ, ವ್ಯಾಕ್ಯೂಮೂ ಇಲ್ಲ: ಡ್ಯಾಶ್‌ಬೋರ್ಡಿನ ಲಿವರ್ ಸರಿಸಿದರೆ ಕೇಬಲ್ ಹೋಗಿ ಹೀಟರಿನ ನೀರಿನ ವಾಲ್ವನ್ನು ತಿರುಗಿಸುತ್ತದೆ. ರೋಗ ಮಾತ್ರ ಇದೇ. ಕೇಬಲ್ಲಿನ ಹೊರಗವಸು ಕ್ಲಿಪ್ಪಿನಿಂದ ಬೆರಳಿನ ಅರ್ಧದಷ್ಟು ಜಾರಿದರೆ ಸಾಕು, ಲಿವರ್ ತಂಪಿನ ತುದಿ ಮುಟ್ಟಿದರೂ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರನ್ನೇ ರೇಡಿಯೇಟರಿಗೆ ಸುರಿಯುವ ಅಭ್ಯಾಸದಿಂದ ವಾಲ್ವಿನೊಳಗೆ ಸುಣ್ಣ ಕಟ್ಟಿ ಬಿಗಿಯುವುದೂ ಉಂಟು. ಗ್ಯಾರೇಜಿನವರು ಇದಕ್ಕೆ ಮಾಡುವ ಮದ್ದೆಂದರೆ ಹೀಟರಿನ ಎರಡೂ ಪೈಪುಗಳನ್ನು ಕಿತ್ತು ಒಂದಕ್ಕೊಂದು ಸೇರಿಸಿಬಿಡುವುದು. ಬಯಲುಸೀಮೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಹತ್ತುವಾಗ ಗೊತ್ತಾಗುತ್ತದೆ. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಆ ಒಣಗಾಳಿಯನ್ನು ಕಾಯಿಸಿ ಗಾಜಿಗೆ ಕಳಿಸುತ್ತದೆ. ಎರಡೂ ಒಟ್ಟಿಗೆ ದುಡಿದರೆ ಮಬ್ಬು ಕ್ಷಣದಲ್ಲಿ ಕರಗುತ್ತದೆ, ಕಾರಿನೊಳಗಿನವರು ನಡುಗಬೇಕಾಗುವುದೂ ಇಲ್ಲ. ಹೀಟರ್ ಕಿತ್ತ ಕಾರಿನಲ್ಲಿ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಗಾಜು ಒರೆಸುವ ಬಟ್ಟೆ.

ಬ್ಲೋವರ್ ಬಗ್ಗೆ ನೀವು ದೂರಿಲ್ಲ. ಮುಂದೊಂದು ದಿನ ಅದು ನಿಧಾನವಾದರೆ ಮೋಟರಿನ ಕಾರ್ಬನ್ ಬ್ರಷ್ ಸವೆದಿರುತ್ತದೆ, ಬ್ರಷ್ ಮಾತ್ರ ಬದಲಿಸಿದರೆ ಸಾಕು. ಕಿಂಡಿಯಿಂದ ಕರಿಯ ಪುಡಿ ತೊಡೆಯ ಮೇಲೆ ಉದುರಿದರೆ ಹೆದರಬೇಡಿ. ಒಳಗಿನ ಕದಗಳಿಗೆ ಅಂಟಿಸಿದ್ದ ಸ್ಪಂಜು ಹಳತಾಗಿ ಪುಡಿಯಾಗುತ್ತಿದೆ ಎಂದರ್ಥ. ಡ್ಯಾಶ್‌ಬೋರ್ಡ್ ಬಿಚ್ಚುವ ಸಂದರ್ಭ ಬಂದರೆ ಡಬ್ಬಿಗಳ ಜೊತೆಗೆ ಅದನ್ನೂ ಹೊಸದಾಗಿ ಅಂಟಿಸಿಕೊಳ್ಳಿ.

ಕೊನೆಯದಾಗಿ, ಎಲ್ಲ ಕಿತ್ತು ಬೇರೆ ಎಸಿ ಹಾಕುವ ಮಾತು. ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಹೊರಗಿನ ಎಸಿ ಕೂರಿಸಲು ಡ್ಯಾಶ್‌ಬೋರ್ಡ್ ಕೊರೆಯುತ್ತಾರೆ, ಗಾಜಿಗೆ ಹೋಗುವ ಗಾಳಿಯ ದಾರಿ ಅರೆಬರೆಯಾಗುತ್ತದೆ. ಚಳಿಗಾಲದಲ್ಲಿ ಒಂದು ವಾರಾಂತ್ಯ ಹಿಮ ನೋಡಲು ಟಾಹೊ ಸರೋವರದ ಕಡೆ ಬೆಟ್ಟ ಹತ್ತಿದರೆ ಆ ಜರ್ಮನ್ ಎಂಜಿನಿಯರುಗಳ ಹೀಟರೇ ನಿಮ್ಮನ್ನು ಕಾಯುವುದು. ಸರಿಪಡಿಸಬಹುದಾದ, ಬಿಡಿಭಾಗ ಇನ್ನೂ ಸಿಗುವ, ಚೆನ್ನಾಗಿ ಆಲೋಚಿಸಿ ಮಾಡಿದ ಯಂತ್ರವನ್ನು, ದೋಷ ಪತ್ತೆ ಮಾಡುವ ತಾಳ್ಮೆ ಇಲ್ಲವೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕುವುದನ್ನು ನಾನು ಒಪ್ಪಲಾರೆ.

ಎರಡು ಸಲ ತುಂಬಿಸಿದ ಗ್ಯಾಸನ್ನು ಮಾತ್ರ ಒಮ್ಮೆ ಪರೀಕ್ಷಿಸಬೇಕು. ನಿಮ್ಮ ಕಾರು ಹುಟ್ಟಿದ್ದು ಆರ್-12 ಗ್ಯಾಸಿಗೆ. ಓಜೋನ್ ಪದರಕ್ಕೆ ಹಾನಿಯೆಂದು ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು. ಉಳಿದ ದಾಸ್ತಾನನ್ನು ಪ್ರಮಾಣಪತ್ರ ಪಡೆದ ತಂತ್ರಜ್ಞರು ಮಾತ್ರ ಕೊಳ್ಳಬಹುದು. ನಿಮ್ಮ ಕಾರಿನಲ್ಲಿ ಈಗ ಇರುವುದು ಆರ್-134ಎ ಆಗಿದ್ದರೆ, ಅದನ್ನು ಆರ್-12ರ ತೂಕದ ಶೇ. 80ರಿಂದ 85ರಷ್ಟು ಮಾತ್ರ ತುಂಬಬೇಕು. ಮೇಲೆ ಮೇಲೆ ತುಂಬಿದರೆ ಒತ್ತಡ ಏರಿ ತಂಪು ಕಡಿಮೆಯೇ ಆಗುತ್ತದೆ, ಕಂಪ್ರೆಸರಿನ ಆಯಸ್ಸೂ ಕುಗ್ಗುತ್ತದೆ. ಹಳೆಯ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯುವುದಿಲ್ಲ, ಆದ್ದರಿಂದ ಎಣ್ಣೆ ಬದಲಿಸಿದ್ದಾರೆಯೇ ಎಂದು ಆ ಗ್ಯಾರೇಜಿನವರನ್ನೇ ಕೇಳಿ. ಈ ಕೆಲಸಕ್ಕೆ ಪ್ರಮಾಣಪತ್ರ ಇರುವವರ ಬಳಿ ಹೋಗಿ, ಇರುವ ಗ್ಯಾಸನ್ನು ಯಂತ್ರಕ್ಕೆ ಹೀರಿಸಿ, ತೂಕ ಮಾಡಿಸಿ, ಸೋರಿಕೆ ನೋಡಿಸಿ, ಅಳತೆಯಷ್ಟೇ ಮರಳಿ ತುಂಬಿಸಿ. ಆದರೆ ಅದು ವ್ಯಾಕ್ಯೂಮ್ ಮತ್ತು ಮೋನೋವಾಲ್ವ್ ಎರಡೂ ಸರಿಯಾದ ಮೇಲೆ. ಆಗ ನಡುವಿನ ಕಿಂಡಿಯಲ್ಲಿ ಥರ್ಮಾಮೀಟರ್ ಸಿಕ್ಕಿಸಿ ಏನು ತೋರಿಸಿತೆಂದು ನನಗೂ ಬರೆದು ತಿಳಿಸಿ.